ರೋಮಿನ ಅಪ್ಪಣೆ ಬಂದಾಗಿದೆ, ಇನ್ನು ನಿಮ್ಮದು

ಕರ್ನಾಟಕದ ಕಥೋಲಿಕ ಧರ್ಮಾಧ್ಯಕ್ಷರುಗಳಿಗೆ ಒಂದು ಬಹಿರಂಗ ಪತ್ರ

ಪೂಜ್ಯ ಧರ್ಮಾಧ್ಯಕ್ಷರುಗಳೇ,



ಈ ಪತ್ರವನ್ನು ಅಂಚೆಯಲ್ಲಿ ಕಳಿಸಬಹುದಿತ್ತು. ಕಳಿಸಿದ್ದರೆ ನಿಮ್ಮ ಕಾರ್ಯದರ್ಶಿ ಗುರುಗಳು ಓದಿ, ನಿಮ್ಮನ್ನು ಪ್ರಾರ್ಥನೆಯಲ್ಲಿ ನೆನೆಯುತ್ತೇವೆ ಎಂದು ಎರಡು ಸಾಲಿನ ಉತ್ತರ ಬರೆದು ಮುಗಿಸುತ್ತಿದ್ದರು. ನಾನು ಹೇಳಬೇಕಾದ್ದು ಭಾನುವಾರ ಗುಡಿಯ ಎಡಗಡೆ ಕೂರುವ ಹೆಂಗಸರ ಕಿವಿಗೂ ಬೀಳಲಿ ಎಂದು ಎಲ್ಲರೆದುರು ಬರೆಯುತ್ತಿದ್ದೇನೆ. ಮೈಸೂರು ಸೀಮೆಯ ಹಳ್ಳಿಯೊಂದರ ಧರ್ಮಕೇಂದ್ರದಲ್ಲಿ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತಲೇ ತಲೆ ನೆರೆತವಳು ನಾನು. ಸರ್ಕಾರಿ ಶಾಲೆಯಲ್ಲಿ ಟೀಚರಾಗಿದ್ದೆ, ಈಗ ನಿವೃತ್ತಿ. ದೇವಶಾಸ್ತ್ರದ ಡಿಗ್ರಿ ಇಲ್ಲ, ಓದುವ ಚಟ ಇದೆ. ರೋಮಿನಿಂದ ಬರುವ ಕಾಗದಗಳನ್ನು ಸಿಕ್ಕ ಭಾಷೆಯಲ್ಲಿ ಓದಿಕೊಳ್ಳುತ್ತೇನೆ. ಹಾಗೆ ಓದುತ್ತ ಹೋದಂತೆ ಒಂದು ಮಾತು ಮನಸ್ಸಿನಲ್ಲಿ ಗಟ್ಟಿಯಾಯಿತು. ಹೆಂಗಸರ ವಿಚಾರ ಬಂದಾಗಲೆಲ್ಲ ರೋಮಿನ ಕಡೆ ಬೊಟ್ಟು ಮಾಡಿ ಸುಮ್ಮನಾಗುವ ಕಾಲ ಮುಗಿಯಿತು. ಅಲ್ಲಿಂದ ಬರಬೇಕಾದ ಅಪ್ಪಣೆಗಳಲ್ಲಿ ಬಹುಪಾಲು ಬಂದಾಗಿದೆ. ಅವು ನಿಂತಿರುವುದು ನಿಮ್ಮ ಮೇಜಿನ ಮೇಲೆ.

2025ರ ಏಪ್ರಿಲ್ 21ರಂದು ಪೋಪ್ ಫ್ರಾನ್ಸಿಸ್ ತೀರಿಕೊಂಡರು. ಮೇ 8ರಂದು ಕಾರ್ಡಿನಲ್ ರಾಬರ್ಟ್ ಪ್ರೆವೋಸ್ಟ್ 14ನೇ ಲಿಯೋ ಆದರು. ಆರಿಸಿದ 133 ಮಂದಿಯೂ ಗಂಡಸರೇ. ಅದರಲ್ಲಿ ಹೊಸದೇನೂ ಇಲ್ಲ. ಆದರೆ ಆ ರಾತ್ರಿ ನಮ್ಮೂರಿನಲ್ಲಿ ಟಿ.ವಿ. ಮುಂದೆ ಕೂತು, ಅಮೆರಿಕದವರಂತೆ, ಪೆರುವಿನ ಬಡವರ ನಡುವೆ ಬಹಳ ವರ್ಷ ಇದ್ದರಂತೆ ಎಂದು ಮಾತಾಡಿಕೊಂಡವರಲ್ಲಿ ಹೆಂಗಸರೇ ಹೆಚ್ಚು. ಈ ಹೊಸಬರು ನಮಗೇನಾದರೂ ಮಾಡಿಯಾರೇ ಎಂಬ ಪ್ರಶ್ನೆಯೂ ಬಂತು. ಒಬ್ಬಾಕೆ, ಅವರು ಮಾಡಿದರೂ ಅದು ನಮ್ಮೂರಿಗೆ ಬರುವಷ್ಟರಲ್ಲಿ ನನ್ನ ಮೊಮ್ಮಗಳು ಮುದುಕಿಯಾಗಿರುತ್ತಾಳೆ ಅಂದಳು. ಎಲ್ಲರೂ ನಕ್ಕೆವು. ಅವಳು ಹೇಳಿದ್ದು ಸುಳ್ಳಾಗಬೇಕು ಎಂಬುದೇ ಈ ಪತ್ರದ ಉದ್ದೇಶ.

ಹೊಸ ಪೋಪರು ಹೇಳಿದ್ದೇನು, ಹೇಳದೆ ಇರುವುದೇನು ಎಂಬುದನ್ನು ಮೊದಲು ಇದ್ದದ್ದು ಇದ್ದಂತೆ ಒಪ್ಪಿಕೊಳ್ಳೋಣ. 2025ರ ಸೆಪ್ಟೆಂಬರಿನಲ್ಲಿ ಹೊರಬಂದ ಸಂದರ್ಶನದಲ್ಲಿ ಅವರು, ಫ್ರಾನ್ಸಿಸರ ಹಾದಿಯಲ್ಲೇ ಹೆಂಗಸರನ್ನು ಜವಾಬ್ದಾರಿಯ ಸ್ಥಾನಗಳಿಗೆ ನೇಮಿಸುತ್ತ ಹೋಗುವುದಾಗಿಯೂ, ದೀಕ್ಷೆಯ ವಿಚಾರದಲ್ಲಿ ಧರ್ಮಸಭೆಯ ಬೋಧನೆಯನ್ನು ಸದ್ಯಕ್ಕೆ ಬದಲಿಸುವ ಉದ್ದೇಶ ತಮಗಿಲ್ಲವೆಂದೂ ಹೇಳಿದರು. ನೇರ ಮಾತು. ಮರುತಿಂಗಳು ರೋಮಿನಲ್ಲಿ ಸಿನೊಡ್ (ಧರ್ಮಸಭೆಯ ಸಮಾಲೋಚನಾ ಸಭೆ) ತಂಡಗಳ ಎದುರು ಮಾತಾಡುತ್ತ ತಮ್ಮ ತಾಯಿಯ ಕತೆ ಹೇಳಿದರು. ಎಪ್ಪತ್ತರ ದಶಕದಲ್ಲಿ, ಹೆಂಗಸರ ಸಮಾನತೆಯ ಮಾತು ಜೋರಾಗಿದ್ದಾಗ, ನಿನಗೂ ಗಂಡಸರ ಸಮಾನ ಆಗಬೇಕು ಅನ್ನಿಸುತ್ತದೆಯೇ ಎಂದು ತಾಯಿಯನ್ನು ಕೇಳಿದರಂತೆ. ಇಲ್ಲಪ್ಪ, ನಾವು ಆಗಲೇ ಅವರಿಗಿಂತ ಮೇಲಿದ್ದೇವೆ ಎಂದು ಆ ತಾಯಿ ಉತ್ತರಿಸಿದರಂತೆ. ಆಕೆ ಲೈಬ್ರರಿಯಲ್ಲಿ ಕೆಲಸ ಮಾಡಿದ ಹೆಣ್ಣುಮಗಳು, ಮಾತಿಗೆ ಬರ ಇರಲಿಲ್ಲ ಅನ್ನಿಸುತ್ತದೆ. ಕತೆಯ ಜೊತೆಗೆ ಪೋಪರು ಇನ್ನೊಂದು ಮಾತನ್ನೂ ಸೇರಿಸಿದರು, ಪತ್ರಿಕೆಗಳು ಅದನ್ನು ಅಷ್ಟಾಗಿ ಎತ್ತಿಕೊಳ್ಳಲಿಲ್ಲ. ಹೆಂಗಸರಿಗೆ ಈಗಾಗಲೇ ದಕ್ಕಬಹುದಾದ ಪಾತ್ರ ದಕ್ಕದಂತೆ ಆಯಾ ಊರಿನ ರೂಢಿಗಳು ತಡೆಯುತ್ತವೆ, ಎಲ್ಲ ಬಿಷಪರಿಗೂ ಎಲ್ಲ ಗುರುಗಳಿಗೂ ಅದು ಬೇಕಾಗಿಲ್ಲ ಎಂಬ ಧಾಟಿಯ ಮಾತದು. ತಮ್ಮ ಪೆರುವಿನ ಅನುಭವದಿಂದ, ಗುರುಗಳಿಲ್ಲದ ಕಡೆಯೇ ಹೋಗಿ ದುಡಿಯುವ ಸಿಸ್ಟರ್‌ಗಳ ಪಂಗಡವೊಂದನ್ನೂ ನೆನೆದರು. ಅವರು ಜ್ಞಾನಸ್ನಾನ ಕೊಡುತ್ತಾರೆ, ಮದುವೆಗಳಿಗೆ ಧರ್ಮಸಭೆಯ ಪರವಾಗಿ ಸಾಕ್ಷಿಯಾಗುತ್ತಾರೆ.

ಪೆರುವಿನ ಆ ಸಿಸ್ಟರ್‌ಗಳ ಮಾತು ಓದಿದಾಗ ನನಗೆ ನೆನಪಾದದ್ದು ನಮ್ಮ ಕಡೆಯ ಒಂದು ಉಪಕೇಂದ್ರದ ಸಾವು.

ಮಳೆಗಾಲ. ಎಂಬತ್ತು ದಾಟಿದ ಮುದುಕ, ಚರ್ಚ್ ಕಟ್ಟುವಾಗ ಕಲ್ಲು ಹೊತ್ತವನು, ರಾತ್ರಿ ತೀರಿಕೊಂಡ. ಫಾದರ್ ಊರಲ್ಲಿಲ್ಲ, ಗುರುಗಳ ವಾರ್ಷಿಕ ಧ್ಯಾನಕೂಟಕ್ಕೆ ಹೋಗಿದ್ದರು. ಪಕ್ಕದ ಧರ್ಮಕೇಂದ್ರದ ಫಾದರ್‌ಗೆ ಎರಡು ಪೂಜೆ, ಒಂದು ಮದುವೆ. ಹೆಣವನ್ನು ಎಷ್ಟು ಹೊತ್ತು ಇಡುವುದು? ಕಾನ್ವೆಂಟಿನ ಸಿಸ್ಟರ್ ಒಬ್ಬರು ಮುದುಕನ ಮೊಮ್ಮಗನ ಸ್ಕೂಟರಿನ ಹಿಂದೆ ಕೂತು ಬಂದರು. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ವಿಧಿಯ ಪುಸ್ತಕ, ಹಳೆಯ ಕೆಮ್ಮಿನ ಔಷಧದ ಬಾಟಲಿಯಲ್ಲಿ ತೀರ್ಥ. ಮನೆಯಲ್ಲಿ ಪ್ರಾರ್ಥನೆ, ಗುಡಿಯಲ್ಲಿ ವಾಚನ, ಆಮೇಲೆ ಕೆಸರಿನಲ್ಲಿ ಸಮಾಧಿಯವರೆಗೆ ನಡಿಗೆ. ಮುದುಕನ ಹೆಂಡತಿ ಎಲ್ಲಿ ಕುಸಿಯುತ್ತಾಳೋ ಎಂದು ಒಂದು ಕೈಯಲ್ಲಿ ಅವಳ ತೋಳು, ಇನ್ನೊಂದು ಕೈಯಲ್ಲಿ ಪುಸ್ತಕ. ಗುಂಡಿಗೆ ತೀರ್ಥ ಚಿಮುಕಿಸಿ ಮೊದಲ ಹಿಡಿ ಮಣ್ಣು ಹಾಕಿದವರೂ ಅವರೇ. ಯಾವುದರಲ್ಲೂ ಕೊರತೆ ಇರಲಿಲ್ಲ.

ಆದರೆ ತಿಂಗಳ ಪೂಜೆಯ ಹೊತ್ತಿಗೆ ಊರಲ್ಲಿ ಗುಸುಗುಸು. ಫಾದರ್ ಇಲ್ಲದೆ ಮಣ್ಣು ಮಾಡಿದರಂತೆ, ಅದು ನಡೆಯುತ್ತದೆಯೇ ಎಂದು. ಮುದುಕನ ಮಗನಿಗೆ ಅನುಮಾನ ಹತ್ತಿ, ದುಡ್ಡು ಕೂಡಿಸಿ, ಇನ್ನೊಮ್ಮೆ ಫಾದರ್‌ರನ್ನು ಕರೆಸಿ ಸಮಾಧಿಯ ಮೇಲೆ ಪ್ರಾರ್ಥನೆ ಮಾಡಿಸಿದ.

ಪೂಜ್ಯರೇ, ಸಿಸ್ಟರ್ ಮಾಡಿದ್ದರಲ್ಲಿ ತಪ್ಪಿಲ್ಲ ಎಂಬುದು ನಿಮಗೆ ಗೊತ್ತು. ಗುರುವಾಗಲಿ, ಗುರುವಿಗಿಂತ ಕೆಳಗಿನ ಹಂತದ ದೀಕ್ಷೆ ಪಡೆದ ಡೀಕನ್ ಆಗಲಿ ಇಲ್ಲದ ಕಡೆ ಶ್ರೀಸಾಮಾನ್ಯರು ಶವಸಂಸ್ಕಾರ ನಡೆಸಿಕೊಡಲು ವಿಧಿಯೇ ದಾರಿ ಬಿಟ್ಟಿದೆ. 1983ರ ಧರ್ಮಸಭಾ ಕಾನೂನಿನ 517ನೇ ನಿಯಮದಡಿ, ಗುರುಗಳ ಕೊರತೆ ಇರುವ ಕಡೆ ಧರ್ಮಕೇಂದ್ರದ ಪಾಲನೆಯಲ್ಲಿ ಗುರುದೀಕ್ಷೆ ಇಲ್ಲದವರಿಗೂ ಬಿಷಪರು ಪಾಲು ಕೊಡಬಹುದು. 1112ನೇ ನಿಯಮದಡಿ, ಬಿಷಪರ ಮಂಡಳಿಯ ಒಪ್ಪಿಗೆ, ರೋಮಿನ ಅನುಮತಿ ಎರಡೂ ಇದ್ದರೆ ಮದುವೆಗೆ ಧರ್ಮಸಭೆಯ ಪರ ಸಾಕ್ಷಿಯಾಗಲು ಶ್ರೀಸಾಮಾನ್ಯರನ್ನು ನೇಮಿಸಬಹುದು. ಪೆರುವಿನ ಸಿಸ್ಟರ್‌ಗಳು ಯಾವುದೋ ಬಂಡಾಯ ಮಾಡುತ್ತಿಲ್ಲ, ಇದೇ ಕಾನೂನಿನೊಳಗೆ ಕೆಲಸ ಮಾಡುತ್ತಿದ್ದಾರೆ. ನಮ್ಮೂರ ಜನ ಹಿಂದುಳಿದವರು, ಒಪ್ಪುವುದಿಲ್ಲ ಎಂಬ ಮಾತನ್ನು ಎಷ್ಟೋ ಸಲ ಕೇಳಿದ್ದೇನೆ. ಆ ಮುದುಕನ ಮಗ ಒಪ್ಪಲಿಲ್ಲ, ನಿಜ. ಯಾಕೆಂದರೆ ಅವನಿಗೆ ಯಾರೂ ಹೇಳಿರಲಿಲ್ಲ. ನಿಮ್ಮ ಸಹಿ ಇರುವ ಒಂದು ಪತ್ರವನ್ನು ಭಾನುವಾರದ ಪೂಜೆಯ ಕೊನೆಯಲ್ಲಿ ಓದಿದ್ದರೆ, ಇಂಥ ಸಿಸ್ಟರ್ ನಮ್ಮ ಅನುಮತಿಯಿಂದ ಈ ಉಪಕೇಂದ್ರವನ್ನು ನೋಡಿಕೊಳ್ಳುತ್ತಾರೆ ಎಂದು ಅದರಲ್ಲಿ ಇದ್ದಿದ್ದರೆ, ಅವನ ದುಡ್ಡೂ ಉಳಿಯುತ್ತಿತ್ತು, ಆ ಹೆಣ್ಣುಮಗಳ ಮಾನವೂ ಉಳಿಯುತ್ತಿತ್ತು.

ಫ್ರಾನ್ಸಿಸರ ಕಾಲದಲ್ಲಿ ರೋಮಿನಲ್ಲಿ ಆದ ಬದಲಾವಣೆಗಳು ನಿಮಗೆ ನನಗಿಂತ ಚೆನ್ನಾಗಿ ಗೊತ್ತು, ಅದಕ್ಕೇ ಬೇಗ ಹೇಳಿ ಮುಗಿಸುತ್ತೇನೆ. 2016ರಲ್ಲಿ ಮಗ್ದಲದ ಮರಿಯಳ ಸ್ಮರಣೆಯನ್ನು ಪ್ರೇಷಿತರ ಹಬ್ಬಗಳ ಮಟ್ಟಕ್ಕೆ ಏರಿಸಿದರು. 2021ರಲ್ಲಿ ಸಿಸ್ಟರ್ ನತಾಲಿ ಬೆಕಾರ್ ಬಿಷಪರ ಸಿನೊಡಿನ ಉಪ ಕಾರ್ಯದರ್ಶಿಯಾದರು. 2022ರಲ್ಲಿ ಬಿಷಪರ ಆಯ್ಕೆ ನೋಡಿಕೊಳ್ಳುವ ಇಲಾಖೆಗೆ ಮೂವರು ಮಹಿಳೆಯರು ಸದಸ್ಯರಾದರು. ಮರುವರ್ಷ ಆ ಇಲಾಖೆಯ ಮುಖ್ಯಸ್ಥರಾಗಿ ಬಂದವರೇ ಇವತ್ತಿನ ಪೋಪ್. ಯಾರು ಬಿಷಪರಾಗಬೇಕು ಎಂದು ಹೆಂಗಸರ ಜೊತೆ ಒಂದೇ ಮೇಜಿನಲ್ಲಿ ಕೂತು ಚರ್ಚಿಸಿದ ಅನುಭವ ಇರುವ ಮನುಷ್ಯ ಪೇತ್ರನ ಪೀಠಕ್ಕೆ ಬಂದಿರುವುದು ಸಣ್ಣ ಸಂಗತಿಯಲ್ಲ. (ಭಾರತದ ಲ್ಯಾಟಿನ್ ಬಿಷಪರ ಕಡತಗಳು ಆ ಇಲಾಖೆಗಲ್ಲ, ಧರ್ಮಪ್ರಚಾರದ ಇಲಾಖೆಗೆ ಹೋಗುತ್ತವೆ. ಹಾಗಾಗಿ ನಿಮ್ಮನ್ನು ಹೆಂಗಸರು ಆರಿಸಿದರು ಎಂಬ ಆಪಾದನೆ ನಿಮ್ಮ ಮೇಲೆ ಬರುವುದಿಲ್ಲ!) 2023ರ ಸಿನೊಡಿನಲ್ಲಿ ಹೆಂಗಸರು ಮೊದಲ ಬಾರಿಗೆ ಮತ ಹಾಕಿದರು. 2025ರ ಜನವರಿಯಲ್ಲಿ ಸಿಸ್ಟರ್ ಸಿಮೋನಾ ಬ್ರಾಂಬಿಲ್ಲಾ ಸನ್ಯಾಸ ಸಂಸ್ಥೆಗಳ ಇಲಾಖೆಯ ಮುಖ್ಯಸ್ಥೆಯಾದರು, ಮಾರ್ಚಿನಲ್ಲಿ ಸಿಸ್ಟರ್ ರಫಾಯೆಲ್ಲಾ ಪೆತ್ರಿನಿ ವ್ಯಾಟಿಕನ್ ನಗರದ ಆಡಳಿತದ ಅಧ್ಯಕ್ಷೆಯಾದರು. ಲಿಯೋ ಬಂದ ಎರಡೇ ವಾರದಲ್ಲಿ ಬ್ರಾಂಬಿಲ್ಲಾ ಅವರ ಇಲಾಖೆಗೆ ಇನ್ನೊಬ್ಬ ಸಿಸ್ಟರ್, ತಿತ್ಸಿಯಾನಾ ಮೆರ್ಲೆತ್ತಿ, ಕಾರ್ಯದರ್ಶಿಯಾಗಿ ಬಂದರು.

ಇವೆಲ್ಲ ರೋಮಿನ ಸುದ್ದಿ. ನಾನು ಕೇಳುತ್ತಿರುವುದು ನಮ್ಮೂರಿನ ಸುದ್ದಿ.

2021ರ ಜನವರಿಯಲ್ಲಿ ಫ್ರಾನ್ಸಿಸ್ ಒಂದು ಆಜ್ಞೆ ಹೊರಡಿಸಿದರು. ವಾಚಕರ ಮತ್ತು ಬಲಿಪೀಠದ ಸಹಾಯಕರ ಸೇವೆಗಳನ್ನು 1972ರಲ್ಲಿ 6ನೇ ಪೌಲ್ ಗಂಡಸರಿಗಷ್ಟೇ ಇಟ್ಟಿದ್ದರು, ಆ ನಿರ್ಬಂಧ ಹೋಯಿತು. ಅದೇ ವರ್ಷ ಮೇ ತಿಂಗಳಲ್ಲಿ ಧರ್ಮೋಪದೇಶಕರ ಸೇವೆಯನ್ನು ವಿಧಿವತ್ತಾದ ಸೇವೆಯಾಗಿ ಸ್ಥಾಪಿಸಿದರು, ಗಂಡು ಹೆಣ್ಣು ಇಬ್ಬರಿಗೂ. 2022ರ ಜನವರಿ 23ರಂದು, ದೇವರ ವಾಕ್ಯದ ಭಾನುವಾರ, ಸಂತ ಪೇತ್ರರ ಮಹಾದೇವಾಲಯದಲ್ಲಿ ತಾವೇ ಹೆಂಗಸರನ್ನೂ ಗಂಡಸರನ್ನೂ ಹೆಸರು ಹಿಡಿದು ಕರೆದು, ವಾಚಕರ ಕೈಗೆ ಬೈಬಲ್ಲನ್ನೂ ಧರ್ಮೋಪದೇಶಕರ ಕೈಗೆ ಶಿಲುಬೆಯನ್ನೂ ಕೊಟ್ಟರು.

ನಮ್ಮಲ್ಲಿ ಹೆಂಗಸರು ವಾಚನ ಓದುವುದಿಲ್ಲವೇ, ಕ್ಲಾಸು ತೆಗೆದುಕೊಳ್ಳುವುದಿಲ್ಲವೇ, ಅದಕ್ಕೆ ಇಷ್ಟೆಲ್ಲ ಯಾಕೆ ಎಂದು ನಿಮ್ಮಲ್ಲೊಬ್ಬರು ಕೇಳಬಹುದು. ನಿಜ, ಓದುತ್ತಾರೆ. ಹೇಗೆ ಓದುತ್ತಾರೆ ಎಂದು ಹೇಳುತ್ತೇನೆ. ಶನಿವಾರ ಸಂಜೆ ಫಾದರ್ ಅಡುಗೆಯವರ ಕೈಲಿ ಹೇಳಿಕಳಿಸುತ್ತಾರೆ, ನಾಳೆ ಎರಡನೇ ವಾಚನ ನೀವು. ಮನೆಗೆಲಸ ಮುಗಿಸಿ, ಮಿಣುಕು ಬೆಳಕಿನಲ್ಲಿ, ಕೊರಿಂಥಿಯರಿಗೆ ಬರೆದ ಪತ್ರದ ಉದ್ದುದ್ದ ವಾಕ್ಯಗಳಿಗೆ ಉಸಿರು ಎಲ್ಲಿ ಬಿಡಬೇಕು ಎಂದು ಗುರುತು ಹಾಕಿಕೊಂಡು ಓದಿಕೊಳ್ಳುತ್ತಾಳೆ. ವರ್ಷಗಟ್ಟಲೆ ಚೆನ್ನಾಗಿ ಓದುತ್ತಾಳೆ. ಆಮೇಲೆ ಫಾದರ್‌ಗೆ ವರ್ಗವಾಗುತ್ತದೆ. ಹೊಸಬರು ಬಂದವರೇ, ಇನ್ನು ಮೇಲೆ ಯುವಕರು ಓದಲಿ ಅನ್ನುತ್ತಾರೆ. ಅಷ್ಟೇ. ಯಾಕೆ ಎಂದು ಅವಳು ಕೇಳುವ ಹಾಗಿಲ್ಲ, ಯಾಕೆಂದರೆ ಅವಳಿಗೆ ಯಾರೂ ಏನನ್ನೂ ಕೊಟ್ಟಿರಲಿಲ್ಲ. ಬಿಷಪರು ವಿಧಿಪೂರ್ವಕ ನೇಮಿಸಿದ ವಾಚಕಿಯ ವಿಷಯ ಹಾಗಲ್ಲ. ಆ ಸೇವೆ ಸ್ಥಿರವಾದದ್ದು, ಯಾವ ಗುರುಗಳ ಮರ್ಜಿಯ ಮೇಲೂ ನಿಂತದ್ದಲ್ಲ. ಅದಕ್ಕೆ ತಕ್ಕ ತರಬೇತಿ ಕೊಡಲೇಬೇಕಾಗುತ್ತದೆ, ಆಯ್ಕೆ ಮಾಡುವಾಗ ಯೋಚಿಸಲೇಬೇಕಾಗುತ್ತದೆ. ಬಹುಶಃ ಅದೇ ಕಾರಣಕ್ಕೆ ನಮ್ಮ ಕಡೆ ಇದು ನಿಧಾನವಾಗಿದೆ. ನಾನು ಓಡಾಡಿದ ಧರ್ಮಕೇಂದ್ರಗಳಲ್ಲಿ ಹೀಗೆ ನೇಮಕವಾದ ಹೆಂಗಸನ್ನು ಇನ್ನೂ ನೋಡಿಲ್ಲ.

ಧರ್ಮೋಪದೇಶದ ಟೀಚರುಗಳ ಕತೆಯೂ ಇದೇ. ಪ್ರಥಮ ಪರಮಪ್ರಸಾದದ ದಿನ ಗುಡಿಯ ಹಿಂದಿನ ಕೋಣೆಗೆ ನೀವು ಒಮ್ಮೆ ಬಂದು ನೋಡಬೇಕು. ಬಾಯಲ್ಲಿ ಪಿನ್ನು ಕಚ್ಚಿಕೊಂಡು ಬಿಳಿ ಫ್ರಾಕಿನ ಸೊಂಟ ಸರಿಮಾಡುತ್ತಿರುವವಳು, ಅಳುತ್ತಿರುವ ಹುಡುಗನ ಬೂಟಿನ ಲೇಸು ಕಟ್ಟುತ್ತ ಅವನ ಬಾಯಲ್ಲಿ ಪಶ್ಚಾತ್ತಾಪದ ಪ್ರಾರ್ಥನೆ ಕೊನೆಯ ಸಲ ಹೇಳಿಸುತ್ತಿರುವವಳು ಆ ಟೀಚರು. ವರ್ಷವಿಡೀ ಭಾನುವಾರದ ಬೆಳಗನ್ನು ಕೊಟ್ಟವಳು. ಆ ಮಕ್ಕಳ ವಿಶ್ವಾಸ ಗಟ್ಟಿಯಾಗಿದ್ದರೆ ಅದು ಅವಳ ಪುಣ್ಯ. ಪೂಜೆ ಆದ ಮೇಲೆ ಫೋಟೋ ತೆಗೆಯುವಾಗ ಫಾದರ್ ನಡುವೆ, ಪಾಲನಾ ಸಮಿತಿಯ ಹಿರಿಯರು ಅಕ್ಕಪಕ್ಕ. ಟೀಚರು ಅಷ್ಟು ಹೊತ್ತಿಗೆ ಮಕ್ಕಳ ತಿಂಡಿಯ ತಟ್ಟೆ ಜೋಡಿಸುತ್ತಿರುತ್ತಾಳೆ. ಫೋಟೋದಲ್ಲಿ ಇರಬೇಕು ಎಂಬ ಹಟ ನಮಗಿಲ್ಲ. ಆದರೆ ಇವಳು ಧರ್ಮಸಭೆಯ ಹೆಸರಿನಲ್ಲಿ ಕಲಿಸುವವಳು ಎಂದು ಧರ್ಮಸಭೆ ಬಾಯಿಬಿಟ್ಟು ಹೇಳಬೇಕು. ಹಾಗೆ ಹೇಳುವ ವಿಧಿಯನ್ನು ರೋಮ್ ಬರೆದು ಕಳಿಸಿದೆ.

ಇನ್ನು ಹಣದ ಮಾತು. ಪ್ರತಿ ಧರ್ಮಕ್ಷೇತ್ರಕ್ಕೂ ಹಣಕಾಸು ಸಮಿತಿ ಇರಲೇಬೇಕು, ಪ್ರತಿ ಧರ್ಮಕೇಂದ್ರಕ್ಕೂ ಇರಲೇಬೇಕು. 492 ಮತ್ತು 537ನೇ ನಿಯಮಗಳು. ಅವುಗಳಲ್ಲಿ ಹೆಂಗಸರು ಇರಬಾರದು ಎಂದು ಎಲ್ಲೂ ಇಲ್ಲ. ಧರ್ಮಕ್ಷೇತ್ರದ ಚಾನ್ಸಲರ್ ಹುದ್ದೆಗೆ, ಹಣಕಾಸು ಅಧಿಕಾರಿಯ ಹುದ್ದೆಗೆ ಗುರುದೀಕ್ಷೆ ಬೇಕಿಲ್ಲ. ಬಿಷಪರ ಮಂಡಳಿ ಒಪ್ಪಿದರೆ 1421ನೇ ನಿಯಮದಡಿ ಧರ್ಮಸಭೆಯ ನ್ಯಾಯಮಂಡಳಿಯಲ್ಲಿ ಶ್ರೀಸಾಮಾನ್ಯರೂ ನ್ಯಾಯಾಧೀಶರಾಗಬಹುದು. ಮದುವೆ ಮುರಿದ ಹೆಣ್ಣೊಬ್ಬಳು ತನ್ನ ಸಂಸಾರದ ಕತೆಯನ್ನು, ಮಲಗುವ ಕೋಣೆಯ ಕತೆಯೂ ಸೇರಿದಂತೆ, ಮೂವರು ಗುರುಗಳ ಮುಂದೆ ಹೇಳುವುದಕ್ಕೂ, ಅವರಲ್ಲಿ ಒಬ್ಬಳು ಹೆಂಗಸಿದ್ದಾಗ ಹೇಳುವುದಕ್ಕೂ ಎಷ್ಟು ಅಂತರ ಎಂದು ಬಿಡಿಸಿ ಹೇಳಬೇಕೆ?

ಅನುಭವ ಇರುವ ಹೆಂಗಸರು ಎಲ್ಲಿದ್ದಾರೆ ಎಂಬ ಪ್ರಶ್ನೆಯಂತೂ ಕರ್ನಾಟಕದಲ್ಲಿ ಏಳಲೇಬಾರದು. ಅಪೊಸ್ತೋಲಿಕ್ ಕಾರ್ಮೆಲ್ ಸಿಸ್ಟರ್‌ಗಳು 1870ರಲ್ಲಿ ಮಂಗಳೂರಿಗೆ ಬಂದರು, ಹುಡುಗಿಯರು ಕಾಲೇಜು ಓದುವುದು ಅಪರೂಪವಾಗಿದ್ದ 1921ರಲ್ಲಿ ಅಲ್ಲೇ ಸಂತ ಆಗ್ನೆಸ್ ಕಾಲೇಜು ತೆರೆದರು. ಅದೇ ವರ್ಷ, ಅದೇ ಊರಿನಲ್ಲಿ ಬೆಥನಿ ಸಂಸ್ಥೆ ಹುಟ್ಟಿತು. ಬೆಂಗಳೂರಿನ ಸಂತ ಮಾರ್ಥಾ ಆಸ್ಪತ್ರೆ 1886ರಿಂದ ಇದೆ, ಗುಡ್ ಶೆಫರ್ಡ್ ಸಿಸ್ಟರ್‌ಗಳದು. ನೂರಾರು ಹಾಸಿಗೆಯ ಆಸ್ಪತ್ರೆಯ ಲೆಕ್ಕ, ಸಾವಿರಾರು ಹುಡುಗಿಯರ ಕಾಲೇಜಿನ ಲೆಕ್ಕ, ಸರ್ಕಾರದ ತಪಾಸಣೆ, ಕೋರ್ಟಿನ ನೋಟಿಸು, ಎಲ್ಲವನ್ನೂ ತಲೆಮಾರುಗಳಿಂದ ಇವರೇ ನೋಡಿಕೊಂಡು ಬಂದಿದ್ದಾರೆ. ಜಗತ್ತಿನಲ್ಲಿ ಸಿಸ್ಟರ್‌ಗಳು 2023ರ ಲೆಕ್ಕದಂತೆ ಸುಮಾರು 5 ಲಕ್ಷ 90 ಸಾವಿರ, ಗುರುಗಳು 4 ಲಕ್ಷ 7 ಸಾವಿರ. ಇಷ್ಟು ಜನರಲ್ಲಿ ಧರ್ಮಕ್ಷೇತ್ರದ ಲೆಕ್ಕಪುಸ್ತಕ ತಿಳಿಯುವವರು ಸಿಗುವುದಿಲ್ಲ ಎಂದರೆ ನಂಬುವವರು ಯಾರು?

ಸಂಸ್ಕೃತಿಯ ನೆವವೂ ಈಗ ನಿಲ್ಲುವುದಿಲ್ಲ. ಕರ್ನಾಟಕದ ಕಾನೂನು 1983ರಷ್ಟು ಹಿಂದೆಯೇ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಲ್ಲಿ ಹೆಂಗಸರಿಗೆ ಶೇ. 25 ಮೀಸಲು ಕೊಟ್ಟಿತು. ಈಗ ಗ್ರಾಮ ಪಂಚಾಯಿತಿಯಲ್ಲಿ ಅರ್ಧ ಸ್ಥಾನ ಅವರದು. ಹಳ್ಳಿಯ ನೀರು, ರಸ್ತೆ, ಮನೆ ಹಂಚಿಕೆಯ ಕಡತಕ್ಕೆ ಸಹಿ ಹಾಕುವ ಕ್ರೈಸ್ತ ಹೆಂಗಸು, ಭಾನುವಾರ ಅದೇ ಹಳ್ಳಿಯ ಪಾಲನಾ ಸಮಿತಿಯ ಸಭೆಯಲ್ಲಿ ಟೀ ಹಂಚುವುದನ್ನು ನಾನು ನೋಡಿದ್ದೇನೆ. ನಮ್ಮ ಸೋದರ ಸಭೆಯಾದ ದಕ್ಷಿಣ ಭಾರತ ಸಭೆಯಲ್ಲಿ ಹೆಂಗಸರು ಪಾದ್ರಿಗಳಾಗಿ ದಶಕಗಳಾದವು, 2013ರಲ್ಲಿ ಪಕ್ಕದ ಆಂಧ್ರದ ನಂದ್ಯಾಲದಲ್ಲಿ ಒಬ್ಬ ಹೆಣ್ಣುಮಗಳು ಬಿಷಪರೂ ಆದರು. ಅವರ ದೇವಶಾಸ್ತ್ರ ಬೇರೆ, ಒಪ್ಪುತ್ತೇನೆ. ಆದರೆ ಜನ ಒಂದೇ, ಊರು ಒಂದೇ.

ನಿಮ್ಮದೇ ಕಾಗದವೂ ಇದೆ. 2008ರಲ್ಲಿ ಜಮ್‌ಶೆಡ್‌ಪುರದಲ್ಲಿ ಸೇರಿದ ಭಾರತದ ಬಿಷಪರು ಹೆಂಗಸರ ಸಬಲೀಕರಣವನ್ನೇ ಸಭೆಯ ವಿಷಯವಾಗಿಟ್ಟುಕೊಂಡರು, 2010ರಲ್ಲಿ ಭಾರತದ ಧರ್ಮಸಭೆಗೆ ಒಂದು ಲಿಂಗ ಸಮಾನತೆಯ ನೀತಿಯೇ ಬಂತು. ಒಳ್ಳೆಯ ನೀತಿ ಅದು. ನಮ್ಮ ಪಾಲನಾ ಸಮಿತಿಯ ಹಿರಿಯರೊಬ್ಬರನ್ನು ಅದರ ಬಗ್ಗೆ ಕೇಳಿದೆ. ಅದು ಸರ್ಕಾರದ್ದಲ್ಲವೇ ಅಂದರು.

ಸಿಸ್ಟರ್‌ಗಳ ಬಗ್ಗೆ ಇನ್ನೊಂದು ಮಾತು ಹೇಳದಿದ್ದರೆ ಈ ಪತ್ರ ಪ್ರಾಮಾಣಿಕವಾಗದು. 2018ರ ಮಾರ್ಚಿನಲ್ಲಿ ವ್ಯಾಟಿಕನ್ ಪತ್ರಿಕೆಯ ಮಹಿಳಾ ಪುರವಣಿಯೇ, ಬಿಷಪರ, ಕಾರ್ಡಿನಲ್‌ಗಳ ಮನೆಯಲ್ಲಿ ಅಡುಗೆ, ಬಟ್ಟೆ, ಚಾಕರಿ ಮಾಡುವ ಸಿಸ್ಟರ್‌ಗಳ ಬಗ್ಗೆ, ಸಂಬಳವಿಲ್ಲದ ಅವರ ದುಡಿಮೆಯ ಬಗ್ಗೆ ಬರೆಯಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ, ಬಿಷಪರೊಬ್ಬರ ಮೇಲೆ ಕನ್ಯಾಸ್ತ್ರೀಯೊಬ್ಬಳು ಕೊಟ್ಟ ಅತ್ಯಾಚಾರದ ದೂರಿಗೆ ನ್ಯಾಯ ಕೇಳಿ, ಕೊಚ್ಚಿಯ ಬೀದಿಯಲ್ಲಿ ಸಿಸ್ಟರ್‌ಗಳು ಧರಣಿ ಕೂತರು. ಆ ಮೊಕದ್ದಮೆಯ ತೀರ್ಪಿನ ಚರ್ಚೆಗೆ ನಾನು ಹೋಗುವುದಿಲ್ಲ. ಕನ್ಯಾಸ್ತ್ರೀಯೊಬ್ಬಳು ದೂರು ಹಿಡಿದು ಬೀದಿಗೆ ಬರಬೇಕಾದರೆ, ಒಳಗೆ ಎಷ್ಟು ಬಾಗಿಲು ತಟ್ಟಿರಬೇಕು ಎಂಬುದಷ್ಟೇ ನನ್ನ ಚಿಂತೆ. 2019ರಲ್ಲಿ ಫ್ರಾನ್ಸಿಸ್ ಹೊರಡಿಸಿದ ನಿಯಮದಂತೆ ಪ್ರತಿ ಧರ್ಮಕ್ಷೇತ್ರದಲ್ಲೂ ದೂರು ಸ್ವೀಕರಿಸುವ, ಜನರಿಗೆ ಸುಲಭವಾಗಿ ಸಿಗುವ ಏರ್ಪಾಡು ಇರಬೇಕು. ನಿಮ್ಮ ಧರ್ಮಕ್ಷೇತ್ರದಲ್ಲಿ ಆ ದೂರು ಯಾರ ಕೈಗೆ ಹೋಗುತ್ತದೆ? ಅವರು ಹೆಂಗಸೇ? ಅವರ ಫೋನ್ ನಂಬರು, ಪೂಜೆಯ ಸಮಯ ಬರೆದಿರುವ ಬೋರ್ಡಿನ ಪಕ್ಕದಲ್ಲಿ ಇದೆಯೇ?

ಇಷ್ಟು ಹೊತ್ತು ದೀಕ್ಷೆಯ ಮಾತು ಎತ್ತದೆ ಇದ್ದದ್ದು ಬೇಕೆಂದೇ. ಅದೊಂದನ್ನು ಎತ್ತಿದ ಕೂಡಲೇ ಉಳಿದದ್ದೆಲ್ಲ ಮರೆತುಹೋಗುತ್ತದೆ, ಇವಳು ಪಾದ್ರಿಯಾಗಲು ಹೊರಟಿದ್ದಾಳೆ ಎಂದು ಪತ್ರ ಮಡಚಿಡುವವರಿದ್ದಾರೆ. ಗುರುದೀಕ್ಷೆಯ ವಿಚಾರದಲ್ಲಿ, ಹೆಂಗಸರಿಗೆ ಅದು ಸಲ್ಲದು ಎಂದು 1994ರಲ್ಲಿ 2ನೇ ಜಾನ್ ಪೌಲ್ ಕೊಟ್ಟ ತೀರ್ಮಾನ ನಿಮ್ಮ ಕೈಯಲ್ಲಿಲ್ಲ, ಆದ್ದರಿಂದ ನಿಮ್ಮನ್ನು ಕೇಳುವುದಿಲ್ಲ. ಡೀಕನ್ ಸೇವೆಯ ಕತೆ ಬೇರೆ. ಸಂತ ಪೌಲನು ರೋಮನರಿಗೆ ಬರೆದ ಪತ್ರದ ಹದಿನಾರನೇ ಅಧ್ಯಾಯ ಕೆಂಖ್ರೆಯ ಸಭೆಯ ಡೀಕನ್ ಎಂದು ಅವನು ಕರೆದ ಫೀಬೆಯಿಂದಲೇ ಆರಂಭವಾಗುತ್ತದೆ. 451ರ ಕಾಲ್ಸಿಡನ್ ಮಹಾಸಭೆ, ನಲವತ್ತು ತುಂಬದ ಹೆಂಗಸನ್ನು ಡೀಕನ್ ಸೇವೆಗೆ ನೇಮಿಸಬಾರದು ಎಂದು ನಿಯಮ ಮಾಡಿತು. ಇಲ್ಲದವರಿಗೆ ಯಾರೂ ವಯಸ್ಸಿನ ಮಿತಿ ಇಡುವುದಿಲ್ಲ. ಅವರಿಗೆ ಸಿಕ್ಕಿದ್ದು ಗಂಡಸರಿಗೆ ಸಿಕ್ಕ ದೀಕ್ಷೆಯೇ ಹೌದೋ ಅಲ್ಲವೋ ಎಂದು ವಿದ್ವಾಂಸರು ಇನ್ನೂ ಜಗಳವಾಡುತ್ತಿದ್ದಾರೆ, ಆಡಲಿ.

2024ರ ಅಕ್ಟೋಬರಿನ ಸಿನೊಡ್ ತನ್ನ ಕೊನೆಯ ದಾಖಲೆಯ 60ನೇ ಪರಿಚ್ಛೇದದಲ್ಲಿ ಈ ಪ್ರಶ್ನೆ ತೆರೆದೇ ಇದೆ ಎಂದು ಬರೆಯಿತು. ಇಡೀ ದಾಖಲೆಯಲ್ಲಿ ಹೆಚ್ಚು ವಿರೋಧ ಬಿದ್ದದ್ದು ಆ ಪರಿಚ್ಛೇದಕ್ಕೇ, 97 ಮತ. ಪರವಾಗಿ ಬಿದ್ದದ್ದು 258. ಲಿಯೋ ಬಂದ ಮೇಲೆ, 2025ರ ಡಿಸೆಂಬರ್ 4ರಂದು, ಈ ಪ್ರಶ್ನೆಯನ್ನು ಪರಿಶೀಲಿಸಿದ, ಕಾರ್ಡಿನಲ್ ಪೆಟ್ರೊಕ್ಕಿ ಅಧ್ಯಕ್ಷತೆಯ ಆಯೋಗದ ವರದಿ ಹೊರಬಂತು. ದೀಕ್ಷೆಯ ಒಂದು ಹಂತವಾಗಿ ಡೀಕನ್ ಸೇವೆಗೆ ಹೆಂಗಸರನ್ನು ಸೇರಿಸುವ ದಿಕ್ಕಿನಲ್ಲಿ ಹೋಗಲಾಗದು ಎಂಬುದಕ್ಕೆ 7 ಮತ, ವಿರುದ್ಧ 1. ಆದರೆ ಇದು ಕೊನೆಯ ತೀರ್ಪಲ್ಲ ಎಂದೂ ಅವರೇ ಬರೆದರು. ಕ್ರಿಸ್ತ ಗಂಡಾಗಿದ್ದ ಎಂಬುದನ್ನು ಮುಂದಿಟ್ಟ ವಾದದ ಮೇಲೆ ಮತ 5ಕ್ಕೆ 5 ಸಮವಾಯಿತು. ಅಂದರೆ ಆ ಕೋಣೆಯಲ್ಲೇ ಒಮ್ಮತ ಇರಲಿಲ್ಲ. ಹೆಂಗಸರಿಗೆ ದೀಕ್ಷೆಯಿಲ್ಲದ ಇತರ ಸೇವೆಗಳನ್ನು ಇನ್ನಷ್ಟು ತೆರೆಯಬೇಕು ಎಂಬುದಕ್ಕೆ ಮಾತ್ರ 9 ಮತ, ವಿರುದ್ಧ 1.

ನನ್ನ ಮಟ್ಟಿಗೆ ಹೇಳುವುದಾದರೆ, ಹೆಂಗಸರು ಡೀಕನ್ ಆಗಬೇಕು ಎಂದೇ ನನ್ನ ಆಸೆ. ವರದಿ ಓದಿ ಬೇಸರವಾಯಿತು. ಆದರೆ ನಮ್ಮ ಹಳ್ಳಿಗಳಲ್ಲಿ ಡೀಕನ್ ಅಂದರೆ ಗುರುವಾಗುವ ಮುಂಚೆ ಕೆಲ ತಿಂಗಳು ಬಂದು, ಪೂಜೆಯಲ್ಲಿ ಶುಭಸಂದೇಶ ಓದಿ, ಹುಡುಗರ ಜೊತೆ ಕ್ರಿಕೆಟ್ ಆಡಿ ಹೋಗುವ ಯುವಕ. ಮದುವೆಯಾದ ಗಂಡಸರೂ ಜೀವನಪೂರ್ತಿ ಡೀಕನ್ ಆಗಿರಬಹುದು ಎಂದು 1967ರಲ್ಲೇ 6ನೇ ಪೌಲ್ ದಾರಿ ತೆಗೆದರೂ ನಮ್ಮ ಕಡೆ ಅದು ಬೇರು ಬಿಡಲಿಲ್ಲ. ಇಂಥಲ್ಲಿ ನಾಳೆ ರೋಮ್ ಒಪ್ಪಿಗೆ ಕೊಟ್ಟರೂ ಏನಾದೀತು ಎಂದು ಊಹಿಸಬಲ್ಲೆ. ವಾಚಕಿಯ ಆಜ್ಞೆಗೆ ಏನಾಯಿತೋ ಅದೇ. ಆದ್ದರಿಂದಲೇ ನನ್ನ ಆಸೆಯನ್ನು ಪಕ್ಕಕ್ಕಿಟ್ಟು, 9 ಮತ ಬಿದ್ದ ಆ ಸಾಲನ್ನು ಹಿಡಿದು ನಿಮ್ಮ ಮುಂದೆ ನಿಂತಿದ್ದೇನೆ. ಅದನ್ನು ವಿರೋಧಿಸಲು ಯಾವ ಪಂಥದವರಿಗೂ ಕಾರಣ ಇಲ್ಲ. ರೋಮಿಗೆ ನೀವು ಹೋದಾಗ ಡೀಕನ್ ಪ್ರಶ್ನೆಯನ್ನೂ ಕೇಳಿ. ಕರ್ನಾಟಕದ ಹೆಂಗಸರು ಏನನ್ನುತ್ತಾರೆ ಎಂದು ಪೋಪರು ಕೇಳಿದರೆ ಹೇಳಲು, ಹೋಗುವ ಮುಂಚೆ ನಮ್ಮನ್ನೂ ಒಮ್ಮೆ ಕೇಳಿ.

ಇಷ್ಟನ್ನೆಲ್ಲ ಒಂದೇ ದಿನದಲ್ಲಿ ಮಾಡಿ ಎಂದು ನಾನು ಹೇಳುತ್ತಿಲ್ಲ. ಎಲ್ಲರೂ ಸೇರಿ ನಿರ್ಧರಿಸಬೇಕಾದ್ದು ಕೆಲವಿದೆ, ಪೌರಸ್ತ್ಯ ವಿಧಿಯ ಧರ್ಮಕ್ಷೇತ್ರಗಳಿಗೆ ಅವರದೇ ಕಾನೂನಿದೆ. ಆದರೆ ಲ್ಯಾಟಿನ್ ವಿಧಿಯ ನಿಮಗೆ ರೋಮಿನ ಹೊಸ ಅಪ್ಪಣೆ ಬೇಡದ ಕೆಲಸ ಒಂದಿದೆ. ಬರುವ ಜನವರಿಯಲ್ಲಿ ದೇವರ ವಾಕ್ಯದ ಭಾನುವಾರ ಬರುತ್ತದೆ. ಆ ದಿನ ನಿಮ್ಮ ಪ್ರಧಾನಾಲಯದಲ್ಲಿ, ಹಳ್ಳಿಗಳಿಂದ ಬಂದ ಹೆಂಗಸರನ್ನು ಹೆಸರು ಹಿಡಿದು ಕರೆಯಿರಿ. ವಾಚಕಿಯರ ಕೈಗೆ ಬೈಬಲ್ ಕೊಡಿ, ಧರ್ಮೋಪದೇಶದ ಟೀಚರುಗಳ ಕೈಗೆ ಶಿಲುಬೆ ಕೊಡಿ. ಅದಕ್ಕೆ ಮುಂಚೆ ಆರು ತಿಂಗಳು ಕನ್ನಡದಲ್ಲಿ ತರಬೇತಿ ಕೊಡಿ, ಬಸ್ಸಿನ ಖರ್ಚು ಕೊಡಿ, ಎಳೆ ಮಕ್ಕಳಿರುವವರಿಗೆ ಮಗುವನ್ನು ಕರೆದುಕೊಂಡು ಬರಲು ಬಿಡಿ. ಯಾರನ್ನು ಕರೆಯಬೇಕು ಎಂದು ಗೊತ್ತಾಗದಿದ್ದರೆ ಧರ್ಮಕೇಂದ್ರದ ಗುರುಗಳನ್ನು ಕೇಳಿ, ಅವರಿಗೂ ಗೊತ್ತಿಲ್ಲದಿದ್ದರೆ ಪ್ರಥಮ ಪರಮಪ್ರಸಾದ ಪಡೆದ ಯಾವ ಮಗುವನ್ನಾದರೂ ಕೇಳಿ, ಹೆಸರು ಹೇಳುತ್ತದೆ.

ಇಂತಿ ನಿಮ್ಮ ವಿಶ್ವಾಸಿ,
ಧರ್ಮೋಪದೇಶದ ಒಬ್ಬ ಟೀಚರು